ಆಟಿಕೆಯ ರೆಕ್ಕೆ ಹೇಳುವ ಸಮರದ ಕಥೆ

ಯುದ್ಧವಿಮಾನಗಳ ದೊಡ್ಡ ಮಾದರಿಗಳನ್ನು ಸಂಗ್ರಹಿಸುವುದು ಬಹುಪಾಲು ದೊಡ್ಡವರ ಹವ್ಯಾಸ. ನೋಡಲು ಆಟಿಕೆಯಾದರೂ ಅದರ ಬೇರು ಆಟದಲ್ಲಿಲ್ಲ, ಯುದ್ಧದಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ ಆಕಾಶದಲ್ಲಿ ಕಾಣಿಸಿದ ವಿಮಾನ ಸ್ವಪಕ್ಷದ್ದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸಬೇಕಾಗಿತ್ತು. ಅದನ್ನು ಕಲಿಸಲು ಕಪ್ಪು ಬಣ್ಣದ ಚಿಕ್ಕ ಮಾದರಿಗಳು ಬಳಕೆಗೆ ಬಂದವು. 1942ರಲ್ಲಿ ಅಮೆರಿಕದ ನೌಕಾಪಡೆ ಇಂಥ 5 ಲಕ್ಷ ಮಾದರಿಗಳನ್ನು ಮಾಡಿಕೊಡುವಂತೆ ಶಾಲಾ ಮಕ್ಕಳನ್ನೇ ಕೇಳಿತು. ಅವುಗಳ ಪ್ರಮಾಣ 1:72. ಎಂದರೆ ನಿಜವಾದ ವಿಮಾನದ 6 ಅಡಿಗೆ ಮಾದರಿಯಲ್ಲಿ 1 ಅಂಗುಲ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1953ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಸ್ಪಿಟ್‌ಫೈರ್ ಕೂಡ ಇದೇ ಪ್ರಮಾಣದ್ದು. ಅದೇ ಸಂಸ್ಥೆ 1970ರಲ್ಲಿ 1:24ರ ಸ್ಪಿಟ್‌ಫೈರ್ ತಂದಿತು. 1:32ರ ಮಾದರಿಗಳೂ ಜನಪ್ರಿಯವಾದವು. ಮಾದರಿ ದೊಡ್ಡದಾದಷ್ಟೂ ವಿಮಾನದ ಗುಣಾವಗುಣ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಕೊಡಗಿನಲ್ಲೇ ಒಂದು ನಿದರ್ಶನವಿದೆ. ಇಂದಿನ ಪೊನ್ನಂಪೇಟೆ ತಾಲ್ಲೂಕಿನ ಕುರ್ಚಿ ಗ್ರಾಮದ ಅಜ್ಜಮಾಡ ಮನೆತನದವರು ಸ್ಕ್ವಾಡ್ರನ್ ಲೀಡರ್ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಮುಂಜಾನೆ ಭಾರತದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೀಸಲು ಪೈಲಟ್ ಆಗಿದ್ದರು. ಒಂದು ವಿಮಾನ ಹಿಂದುಳಿದಾಗ ಅದರ ಜಾಗಕ್ಕೆ ಹೋದರು. ಅವರಿಗೆ ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಅಮೆರಿಕನ್ ನಿರ್ಮಿತ ಸ್ಟಾರ್‌ಫೈಟರ್. ಫ್ರಾನ್ಸಿನ ಮಿಸ್ಟೇರ್‌ಗೆ ಅದರ ಅರ್ಧದಷ್ಟು ವೇಗವೂ ಕಷ್ಟವೇ.

ಈ ಎರಡರ ಮಾದರಿಗಳನ್ನು 1:32ರ ಪ್ರಮಾಣದಲ್ಲಿ ಅಕ್ಕಪಕ್ಕ ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ: ಸ್ಟಾರ್‌ಫೈಟರ್ ಸುಮಾರು 52 ಸೆಂ.ಮೀ. ಉದ್ದ, ಆದರೆ ರೆಕ್ಕೆಗಳ ಹರವು ಕೇವಲ 21 ಸೆಂ.ಮೀ. ಮಿಸ್ಟೇರ್ 40 ಸೆಂ.ಮೀ. ಉದ್ದವಿದ್ದರೆ ಹರವು 35 ಸೆಂ.ಮೀ. ಒಂದು ಬಾಣದಂತೆ, ಇನ್ನೊಂದು ಹಕ್ಕಿಯಂತೆ. ಸ್ಟಾರ್‌ಫೈಟರ್‌ನ ರೆಕ್ಕೆಯ ಅಂಚು ಎಷ್ಟು ತೆಳುವೆಂದರೆ, ನೆಲದ ಮೇಲಿದ್ದಾಗ ಸಿಬ್ಬಂದಿಗೆ ಗಾಯವಾಗದಿರಲೆಂದು ಅದಕ್ಕೆ ಕವಚ ಹಾಕುತ್ತಿದ್ದರು. ನೇರ ಓಟದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಗಾಳಿಯನ್ನು ಹಿಡಿದು ಬಿರುಸಾಗಿ ತಿರುಗಲು ಅಗಲ ರೆಕ್ಕೆ ಬೇಕು. ವೇಗ ತಗ್ಗಿಸಿ ತಿರುಗುವ ಕಾಳಗಕ್ಕಿಳಿದರೆ ಹಳೆಯ ವಿಮಾನಕ್ಕೂ ಅವಕಾಶವುಂಟು. ಆ ದಿನ ಸ್ಟಾರ್‌ಫೈಟರ್ ಉರುಳಿತು; ಅದರ ಪೈಲಟ್ ಹೊರಜಿಗಿದು ಪಾರಾದ. ದೇವಯ್ಯ ಮರಳಲಿಲ್ಲ.

ಸಂಗಡಿಗರಾರೂ ಆ ಕಾಳಗವನ್ನು ಕಂಡಿರಲಿಲ್ಲ. ಹಾಗಾಗಿ ಭಾರತದ ಕಡತದಲ್ಲಿ ದೇವಯ್ಯ ಕೇವಲ ಕಾಣೆಯಾದ ಅಧಿಕಾರಿ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನದ ಕಡೆಯಿಂದ ದೊರೆತ ವಿವರಗಳೊಂದಿಗೆ ಬರೆದ ಪುಸ್ತಕದಲ್ಲಿ ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಡನೆ ಕಾದಾಡಿ ಬಿದ್ದ ಸಂಗತಿ ಹೊರಬಂತು. ಅದು ಯಾರ ಮಿಸ್ಟೇರ್ ಎಂದು ವಾಯುಪಡೆ ತಾಳೆ ನೋಡಿತು. 1988ರಲ್ಲಿ, ಎಂದರೆ 23 ವರ್ಷಗಳ ಬಳಿಕ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಸಂಗ್ರಹಕಾರರು ಸಾಮಾನ್ಯವಾಗಿ ಗೆದ್ದ ವಿಮಾನವನ್ನೇ ಹುಡುಕುತ್ತಾರೆ. ಆದರೆ ದೇವಯ್ಯ ಅವರ ಗೆಲುವಿಗೆ ಸಾಕ್ಷಿ ದೊರೆತದ್ದು ಎದುರಾಳಿಯ ಕಡೆಯಿಂದ. ಕಪಾಟಿನಲ್ಲಿಯೂ ಹಾಗೆಯೇ, ಪಕ್ಕದಲ್ಲಿ ಸ್ಟಾರ್‌ಫೈಟರ್ ಇಲ್ಲದಿದ್ದರೆ ಮಿಸ್ಟೇರ್ ಬರಿಯ ಹಳೆಯ ವಿಮಾನ. ಎರಡೂ ಒಂದೇ ಪ್ರಮಾಣದಲ್ಲಿ ನಿಂತಾಗ ಮಾತ್ರ ಅದರೊಳಗೆ ಕುಳಿತವನ ಎದೆಗಾರಿಕೆಯ ಅಳತೆ ಸಿಗುತ್ತದೆ.