ಹೈದರಾಬಾದಿನಲ್ಲಿ ಕೈಗಾರಿಕಾ ಸಂಧಾನ

ಕೂಲಿ, ತುಟ್ಟಿಭತ್ಯೆಗಳ ತಕರಾರನ್ನು ಕಾರ್ಮಿಕ ಸಂಘ ಮತ್ತು ಮಾಲೀಕರ ನಡುವೆ ಸರ್ಕಾರ ಕೂತು ಬಗೆಹರಿಸುವ ಕ್ರಮ. ಇದಕ್ಕೆ ಬಹುಕಾಲ ಆಧಾರವಾಗಿದ್ದುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ; 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಅದರ ಜಾಗಕ್ಕೆ ಬಂತು. ಸರ್ಕಾರ ನೇಮಿಸುವ ಸಂಧಾನಾಧಿಕಾರಿ ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರನ್ನು ಒಪ್ಪಿಸಬೇಕು, ಅಷ್ಟೇ. ಹಳೆಯ ಕಾಯ್ದೆಯ ಪ್ರಕಾರ ಆತನ ಮುಂದೆ ಆದ ಒಪ್ಪಂದ ಸಂಘದ ಸದಸ್ಯರಲ್ಲದ ಕೆಲಸಗಾರರಿಗೂ ಅನ್ವಯಿಸುತ್ತಿತ್ತು.

ತುಟ್ಟಿಭತ್ಯೆಗೆ ಅಳತೆಗೋಲು ಕಾರ್ಮಿಕ ಬ್ಯೂರೋದ ಗ್ರಾಹಕ ಬೆಲೆ ಸೂಚ್ಯಂಕ. ಆದರೆ ಬೆಲೆ ಕೈಮೀರಿದಾಗ ಸರ್ಕಾರ ಸೂಚ್ಯಂಕವನ್ನೇ ಪಕ್ಕಕ್ಕಿಟ್ಟದ್ದೂ ಉಂಟು. 1974ರಲ್ಲಿ ಹಣದುಬ್ಬರ ಶೇ. 20 ದಾಟಿದಾಗ ಕೇಂದ್ರವು ಸುಗ್ರೀವಾಜ್ಞೆ ಹೊರಡಿಸಿ, ಏರಿದ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟಿತು. ತಕರಾರು ತುಟ್ಟಿಭತ್ಯೆಯದಷ್ಟೇ ಅಲ್ಲ, ವೇತನದ್ದೂ: 1980–81ರಲ್ಲಿ ಬೆಂಗಳೂರಿನ ಸರ್ಕಾರಿ ಉದ್ದಿಮೆಗಳಾದ ಎಚ್‌ಎಎಲ್, ಐಟಿಐ, ಬಿಇಎಲ್ ಮೊದಲಾದ ಕಡೆಯ ಕಾರ್ಮಿಕರು 77 ದಿನ ಮುಷ್ಕರ ಹೂಡಿ ಕೇಳಿದ್ದು ಬಿಎಚ್‌ಇಎಲ್‌ಗೆ ಸಮನಾದ ವೇತನ. ಆ ಬಿಎಚ್‌ಇಎಲ್‌ನ ದೊಡ್ಡ ಕಾರ್ಖಾನೆಗಳಲ್ಲೊಂದು ಹೈದರಾಬಾದಿನ ರಾಮಚಂದ್ರಾಪುರದ್ದು.

ಸರ್ಕಾರವೇ ಮಾಲೀಕನಾದರೆ ಸಂಧಾನ ಎಷ್ಟು ಬಲಹೀನ ಎಂಬುದು 2019ರ ತೆಲಂಗಾಣ ಸಾರಿಗೆ ಮುಷ್ಕರದಲ್ಲಿ ಬಯಲಾಯಿತು. ಅಕ್ಟೋಬರ್ 5ರಿಂದ ಸುಮಾರು 48 ಸಾವಿರ ನೌಕರರು ಕೆಲಸ ನಿಲ್ಲಿಸಿದರು. ಬೇಡಿಕೆಗಳು 26; ಮುಖ್ಯವಾದದ್ದು ರಸ್ತೆ ಸಾರಿಗೆ ನಿಗಮವನ್ನು ಸರ್ಕಾರದಲ್ಲಿ ವಿಲೀನಗೊಳಿಸುವುದು. ಅಂದೇ ಸಂಜೆ 6ರೊಳಗೆ ಹಾಜರಾಗದವರು ತಾವಾಗಿಯೇ ಕೆಲಸ ಕಳೆದುಕೊಂಡಂತೆ ಎಂದರು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್. ಹೈಕೋರ್ಟ್ ಒತ್ತಾಯದ ಮೇಲೆ ಅಕ್ಟೋಬರ್ 26ರಂದು ಮಾತುಕತೆಗೆ ಕೂತರೂ, 21 ಬೇಡಿಕೆಗಳನ್ನಷ್ಟೇ ಚರ್ಚಿಸುತ್ತೇವೆ ಎಂದು ಆಡಳಿತ ವರ್ಗ, 26ನ್ನೂ ಚರ್ಚಿಸಬೇಕೆಂದು ಸಂಘಗಳು ಪಟ್ಟು ಹಿಡಿದವು. ಬೇಡಿಕೆಗಳ ಒಳಕ್ಕೆ ಇಳಿಯುವ ಮೊದಲೇ ಮಾತು ಮುರಿಯಿತು. ಈ ನಡುವೆ ಹಲವು ನೌಕರರು ಪ್ರಾಣ ಕಳೆದುಕೊಂಡರು. ಮುಷ್ಕರದ ಲೆಕ್ಕದಲ್ಲಿ ಮೊದಲು ಬರೆಯಬೇಕಾದದ್ದು ಇದೇ. ನವೆಂಬರ್ 25ರಂದು ಸಂಘಗಳು ಏನೂ ಪಡೆಯದೆ ಮುಷ್ಕರ ಹಿಂತೆಗೆದುಕೊಂಡವು. ಅಸಾಧ್ಯವೆಂದು ತಳ್ಳಿಹಾಕಿದ್ದ ವಿಲೀನಕ್ಕೆ ಅದೇ ಸರ್ಕಾರ 2023ರ ಆಗಸ್ಟ್‌ನಲ್ಲಿ, ಚುನಾವಣೆ ಹತ್ತಿರವಾದಾಗ, ವಿಧಾನಸಭೆಯ ಒಪ್ಪಿಗೆ ಪಡೆಯಿತು.

ಖಾಸಗಿ ಮಾಲೀಕರಿದ್ದಲ್ಲಿ ಫಲ ಬೇರೆ. 2025ರ ಆಗಸ್ಟ್‌ನಲ್ಲಿ ತೆಲುಗು ಚಿತ್ರರಂಗದ ಕಾರ್ಮಿಕರು ಶೇ. 30ರಷ್ಟು ಕೂಲಿ ಹೆಚ್ಚಳ ಕೇಳಿ ಚಿತ್ರೀಕರಣ ನಿಲ್ಲಿಸಿದರು. ನಿರ್ಮಾಪಕರು ಮತ್ತು ಕಾರ್ಮಿಕ ಒಕ್ಕೂಟವನ್ನು ಕಾರ್ಮಿಕ ಇಲಾಖೆ ಕೂರಿಸಿ ಮಾತಾಡಿಸಿತು. ದಿನಕ್ಕೆ 2,000 ರೂಪಾಯಿಗಿಂತ ಕಡಿಮೆ ಕೂಲಿಯವರಿಗೆ ಮೂರು ವರ್ಷಗಳಲ್ಲಿ ಶೇ. 22.5 ಹೆಚ್ಚಳಕ್ಕೆ ಒಪ್ಪಂದವಾಗಿ, 18 ದಿನಗಳ ಮುಷ್ಕರ ಮುಗಿಯಿತು.