ಜನವಾಡದ ಮಾಯಿ ಭಾಗೋ ತಪಃಸ್ಥಾನ

ಬಸವಕಲ್ಯಾಣದ ಯಾತ್ರೆಗೆ ಹೋದ ನಮ್ಮ ಮಟಕಿ, ಆಳಂದ ಕಡೆಯ ಭಕ್ತರಲ್ಲಿ ಅನೇಕರು ಬೀದರಕ್ಕೂ ಹೋಗಿ, ನಾನಕ ಝಿರಾ ಗುರುದ್ವಾರದ ತಿಳಿನೀರನ್ನು ತೀರ್ಥವೆಂದು ಸ್ವೀಕರಿಸಿ ಮರಳುವುದುಂಟು. ಗುರುನಾನಕರು 16ನೆಯ ಶತಮಾನದ ಆದಿಯಲ್ಲಿ ದಕ್ಷಿಣ ದೇಶದ ಸಂಚಾರದಲ್ಲಿ ಅಲ್ಲಿಗೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಪಾದದಿಂದ ಕಲ್ಲನ್ನು ಸರಿಸಿ ಬುಗ್ಗೆಯನ್ನು ತೋರಿದರೆಂದೂ ಐತಿಹ್ಯ. ಆದರೆ ಬೀದರದಿಂದ ಸುಮಾರು 11 ಕಿಲೋಮೀಟರು ದೂರದಲ್ಲಿರುವ ಜನವಾಡವೆಂಬ ಹಳ್ಳಿಯಲ್ಲಿ ಇನ್ನೊಂದು ಗುರುದ್ವಾರವಿದೆಯೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಅದು ಮಾಯಿ ಭಾಗೋ ಎಂಬ ಶರಣೆಯ ತಪಃಸ್ಥಾನ. ಶರಣೆಯೆಂಬ ಪದವನ್ನು ತಿಳಿದೇ ಬಳಸುತ್ತಿದ್ದೇನೆ.

ಬೀದರಕ್ಕೂ ಸಿಖ್ ಧರ್ಮಕ್ಕೂ ಇರುವ ನಂಟು ಝಿರಾಕ್ಕೆ ಮುಗಿಯುವುದಿಲ್ಲ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ತಲೆಯೊಪ್ಪಿಸುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬನು ಬೀದರದವನು, ಕ್ಷೌರಿಕ ಕಾಯಕದ ಮನೆಯವನು. ಅವನೇ ಭಾಯಿ ಸಾಹಿಬ ಸಿಂಹ. ಉಳಿದ ನಾಲ್ವರು ಲಾಹೋರ, ಹಸ್ತಿನಾಪುರ, ಜಗನ್ನಾಥಪುರಿ, ದ್ವಾರಕೆಗಳಿಂದ ಬಂದವರು; ಅವರಲ್ಲಿ ನೀರು ಹೊರುವ ಕುಲದವನೂ ಇದ್ದನು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವರ ಹೆಸರುಗಳನ್ನು ನಿತ್ಯವೂ ನೆನೆಯುವ ನಮಗೆ ಈ ಪಟ್ಟಿಯು ಅಪರಿಚಿತವೆನಿಸದು.

ಮಾಯಿ ಭಾಗೋ ಹುಟ್ಟಿದ್ದು ಪಂಜಾಬಿನ ಝಬಾಲ ಗ್ರಾಮದಲ್ಲಿ. ಮೊಗಲರ ಸೈನ್ಯವು ಆನಂದಪುರಕ್ಕೆ ಮುತ್ತಿಗೆ ಹಾಕಿದ್ದಾಗ ಹಸಿವನ್ನು ತಾಳಲಾರದ ನಾಲ್ವತ್ತು ಮಂದಿ ಶಿಷ್ಯರು, ತಮಗೂ ಗುರುವಿಗೂ ಇನ್ನು ಸಂಬಂಧವಿಲ್ಲವೆಂದು ಬರೆದುಕೊಟ್ಟು ಊರಿಗೆ ಮರಳಿದರು. ಆ ಗಂಡಸರನ್ನು ನಾಚಿಸಿ, ತಾನೇ ಆಯುಧ ಧರಿಸಿ, ಮರಳಿ ರಣಕ್ಕೆ ಕರೆದೊಯ್ದವಳು ಈಕೆ. 1705ರ ಡಿಸೆಂಬರಿನಲ್ಲಿ ಖಿದ್ರಾಣದ ಕೆರೆಯ ಬಳಿ ಸರ್‌ಹಿಂದದ ವಜೀರಖಾನನ ಸೈನ್ಯದೊಡನೆ ಕಾದಾಟವಾಯಿತು. ನಾಲ್ವತ್ತು ಮಂದಿಯೂ ಮಡಿದರು. ಕೊನೆಯುಸಿರೆಳೆಯುತ್ತಿದ್ದ ಮಹಾಸಿಂಹನ ಬೇಡಿಕೆಯಂತೆ ಗುರುಗಳು ಆ ತ್ಯಾಗಪತ್ರವನ್ನು ಹರಿದೊಗೆದರು. ಅಂದಿನಿಂದ ಆ ಸ್ಥಳ ಮುಕ್ತಸರ. ಗಾಯಗೊಂಡು ಉಳಿದ ಭಾಗೋ ಪುರುಷವೇಷದಲ್ಲಿ ಗುರುಗಳ ಅಂಗರಕ್ಷಕಿಯಾಗಿ ದಕ್ಷಿಣಕ್ಕೆ ಬಂದಳು. 1708ರ ಅಕ್ಟೋಬರಿನಲ್ಲಿ ನಾಂದೇಡದಲ್ಲಿ ಗುರುಗಳು ಲಿಂಗೈಕ್ಯರಾದರು ಎಂದು ಬರೆಯಲು ನನ್ನ ಲೇಖನಿ ತಾನಾಗಿ ಹೊರಟಿತು. ಜ್ಯೋತಿಯಲ್ಲಿ ಬೆರೆತರು ಎಂಬುದು ಅವರ ಪರಿಭಾಷೆ. ಅನಂತರ ಆಕೆ ಜನವಾಡಕ್ಕೆ ಬಂದು, ಗುಡಿಸಲೊಂದರಲ್ಲಿ ಧ್ಯಾನನಿರತಳಾಗಿ, ತುಂಬು ಬಾಳು ಬಾಳಿದಳೆಂದು ಸಂಪ್ರದಾಯ ಹೇಳುತ್ತದೆ. ಆ ಗುಡಿಸಲೇ ಗುರುದ್ವಾರವಾಯಿತು.

ಇಲ್ಲಿ ಅಕ್ಕನಾಗಮ್ಮ ನೆನಪಾಗದೆ ಇರಳು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ದಂಡಿನೊಡನೆ ಉಳವಿಯತ್ತ ನಡೆದು, ಹುಟ್ಟೂರಿಂದ ಬಹುದೂರದಲ್ಲಿ ದೇಹವನ್ನಿಳುಹಿದವಳು ಆಕೆ. ಸೋಲಿನ ನಂತರ ಧರ್ಮವನ್ನು ಹೊತ್ತು ನಡೆಯುವ ಭಾರ ಎರಡೂ ಕಡೆ ಹೆಣ್ಣಿನ ಹೆಗಲಿಗೂ ಬಿದ್ದಿತು. ಆದರೆ ಹೋಲಿಕೆಗೆ ಮಿತಿಯಿರಬೇಕು. ಸಿಖ್ಖರ ಲಂಗರು ನಮ್ಮ ದಾಸೋಹದಿಂದಲೇ ಹುಟ್ಟಿತೆಂದು ಉತ್ಸಾಹದಿಂದ ಹೇಳುವವರಿದ್ದಾರೆ. ನಾನು ಒಪ್ಪಲಾರೆ. ದುಡಿದು ಉಣ್ಣು, ಹಂಚಿ ಉಣ್ಣು ಎಂಬ ಸತ್ಯವು ಎರಡು ನೆಲಗಳಲ್ಲಿ ಬೇರೆ ಬೇರೆಯಾಗಿ ಮೊಳೆಯಬಾರದೆಂದೇನೂ ಇಲ್ಲ. ದಾಸೋಹಕ್ಕೆ ಜಂಗಮತತ್ತ್ವದ ಹಿನ್ನೆಲೆಯಿದೆ, ಲಂಗರಿಗೆ ಅದಿಲ್ಲ. ಹಿರಿಮೆಗಾಗಿ ಇತಿಹಾಸವನ್ನು ಸಾಲ ತರುವುದು ಶರಣರ ಮಾರ್ಗವಲ್ಲ.

ನಾಂದೇಡ, ಬೀದರಗಳೆರಡೂ ನಿಜಾಮರ ಆಳ್ವಿಕೆಯಲ್ಲಿ ಒಂದೇ ರಾಜ್ಯದಲ್ಲಿದ್ದವು. 1956ರಲ್ಲಿ ಒಂದು ಮುಂಬಯಿಗೂ ಇನ್ನೊಂದು ಮೈಸೂರಿಗೂ ಸೇರಿದವು. ಯಾತ್ರಿಕರ ದಾರಿ ಮಾತ್ರ ಬದಲಾಗಲಿಲ್ಲ. 1988ರ ಸೆಪ್ಟೆಂಬರಿನಲ್ಲಿ ಬೀದರದಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಗಲಭೆಯಲ್ಲಿ ಹತರಾದರು. ಅಂದು ಅವರನ್ನು ಹೊರಗಿನವರೆಂದು ಕರೆದವರಿಗೆ, ಖಾಲ್ಸಾದ ಮೊದಲ ಐವರಲ್ಲಿ ಒಬ್ಬನು ತಮ್ಮ ಊರಿನವನೇ ಎಂದು ಯಾರೂ ಹೇಳಿರಲಿಲ್ಲವೋ ಏನೋ. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನೂ ಮಕ್ಕಳಿಗೆ ಹೇಳಿಕೊಟ್ಟವನಲ್ಲ.

ಬೀದರಕ್ಕೆ ಹೋಗುವ ಭಕ್ತರು ಇನ್ನೊಂದು ಗಂಟೆ ಬಿಡುವು ಮಾಡಿಕೊಂಡರೆ ಜನವಾಡವನ್ನು ಕಂಡು ಬರಬಹುದು. ತಲೆಯ ಮೇಲೆ ವಸ್ತ್ರ ಹೊದ್ದು, ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಹೋಗುವುದು ಅಲ್ಲಿಯ ಪದ್ಧತಿ.