ಕಾಣದ ಶಿಷ್ಯನಿಗೆ ಪಾಠ

ಹುಬ್ಬಳ್ಳಿಯ ಮಗ್ಗುಲಿನ ತಾರಿಹಾಳದಲ್ಲಿ, ಕಾರಖಾನೆಯ ಪಾಳಿ ಮುಗಿಸಿದ ತರುಣನೊಬ್ಬನು ಬಸ್ಸಿಗಾಗಿ ಕಾಯುತ್ತ ಮೊಬೈಲಿನಲ್ಲಿ ಲೇಥ್ ಯಂತ್ರದ ಪಾಠ ನೋಡುತ್ತಿದ್ದಾನೆಂದು ಭಾವಿಸೋಣ. ಪಾಠ ಹೇಳಿದವರು ಎಲ್ಲಿಯೋ ಇದ್ದಾರೆ. ಇವನ ಹುಬ್ಬು ಗಂಟಿಕ್ಕಿದ್ದು ಅವರಿಗೆ ಕಾಣದು. 'ತಿಳೀಲಿಲ್ರೀ ಸರ್' ಎಂದರೆ ಕೇಳಿಸದು. ಎರಡು ನಿಮಿಷಕ್ಕೆ ಬೇಸತ್ತು ಅವನ ಬೆರಳು ಬೇರೆಡೆಗೆ ಸರಿದರೆ ತಪ್ಪು ಯಾರದು? ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ನಮ್ಮ ನಾಡಿನಲ್ಲಿ ಇದಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಾಗ ಈ ಭಾಗಕ್ಕೆ ದೂರದ ಧ್ವನಿ ಹತ್ತಿರವಾಯಿತು. ಚಿತ್ರ ಬಂದದ್ದು ಕಾಲು ಶತಮಾನದ ಮೇಲೆ. ಅದೂ ಧಾರವಾಡಕ್ಕಲ್ಲ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ವಿಕ್ರಮ ಸಾರಾಭಾಯಿಯವರು ಕಂಡ ಕನಸದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿ, ಅವರ ಎಟಿಎಸ್-6 ಉಪಗ್ರಹವು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ದೊರೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರ ಪಾಠ ಕಂಡವು. ಪ್ರಯೋಗದ ಹೆಸರು 'ಸೈಟ್'. ತಂತಿಬಲೆಯ, ಹತ್ತು ಅಡಿ ಅಗಲದ ಕೊಡೆಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರೆ ಶಾಲೆಯ ಪೆಟ್ಟಿಗೆಯಲ್ಲಿ ಚಿತ್ರ ಮೂಡುತ್ತಿತ್ತು.

ಬೆಳಗಿನ ಒಂದೂವರೆ ಗಂಟೆ ಮಕ್ಕಳಿಗೆ ಮೀಸಲು. ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕೂ ಹಂಚಿಕೊಳ್ಳಬೇಕಾದ್ದರಿಂದ ಕನ್ನಡದ ಪಾಲಿಗೆ ಬಂದದ್ದು ಸುಮಾರು 22 ನಿಮಿಷ. ಕಾರ್ಯಕ್ರಮ ತಯಾರಿಕೆಯ ಕೇಂದ್ರವಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಜೋಡಿಸುವ ಅನುಕೂಲವಿದ್ದುದರಿಂದ ತೆಲುಗಿನ ಹುಡುಗನೂ ಕನ್ನಡದ ಹುಡುಗನೂ ನೋಡಿದ ಚಿತ್ರ ಒಂದೇ, ಕೇಳಿದ ಮಾತು ಬೇರೆ ಆಗಬಹುದಾಗಿತ್ತು. ಅಷ್ಟರಿಂದಲೇ ಪಾಠ ತಮ್ಮದಾಯಿತೆ? ರಾಯಚೂರಿನ ಎರೆಹೊಲದಲ್ಲಿ ಬೆಳೆದವನಿಗೆ ಬೇರೆ ಊರಿನ ಹೊಲ ತೋರಿಸಿದರೆ ಮಾತು ಕನ್ನಡವಾದರೂ ಮನಸ್ಸು ಪರಸ್ಥಳದಲ್ಲಿಯೇ ಉಳಿಯುತ್ತದೆ.

ಈ ಕಷ್ಟವನ್ನು ಅಂದಿನವರು ಅರಿಯದೆ ಇರಲಿಲ್ಲ. ನೋಡುವವರಾರು, ಅವರಿಗೇನು ಬೇಕು ಎಂಬುದನ್ನು ಕ್ಯಾಮರಾ ಹಿಡಿಯುವ ಮೊದಲೇ ವಿಚಾರಿಸಿದರು. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲಿಯೇ ಉಳಿದು ಜನರು ಹೇಗೆ ನೋಡುತ್ತಾರೆಂಬುದನ್ನು ಬರೆದಿಟ್ಟರು. ಶಿಕ್ಷಕರ ವಿಜ್ಞಾನ ತರಬೇತಿಯಲ್ಲಂತೂ ಟಿವಿಯ ಜೊತೆಗೆ ರೇಡಿಯೋ ಪಾಠ, ಅಚ್ಚಿನ ಪುಸ್ತಕ, ಕೈಯಾರೆ ಮಾಡುವ ಪ್ರಯೋಗಗಳನ್ನೂ ಇಟ್ಟಿದ್ದರು. ಚಿತ್ರವೊಂದೇ ಗುರುವಾಗಲಾರದೆಂಬ ವಿವೇಕ ಅವರಲ್ಲಿತ್ತು.

ಮುಂದೆ ಯಂತ್ರಗಳು ಬೆಳೆದವು. 2003ರಿಂದ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಪಾಠಗಳನ್ನು ಸಿದ್ಧಪಡಿಸಿದವು. ವಿದ್ವತ್ತಿಗೆ ಕೊರತೆಯಿರಲಿಲ್ಲ, ಆದರೆ ಅನೇಕವು ಗಂಟೆಯುದ್ದದ ಇಂಗ್ಲಿಷ್ ಉಪನ್ಯಾಸಗಳು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹವನ್ನು ಮೊದಲಿಗೆ ಬಳಸಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಅದರಲ್ಲಿ ದೂರದ ವಿದ್ಯಾರ್ಥಿ ಮರಳಿ ಪ್ರಶ್ನೆ ಕೇಳುವ ದಾರಿಯಿತ್ತು. 2014ರಲ್ಲಿ ಅಮೆರಿಕದ ಎಡ್‌ಎಕ್ಸ್ ಪಾಠಗಳನ್ನು 69 ಲಕ್ಷ ವೀಕ್ಷಣೆಗಳ ಲೆಕ್ಕದಿಂದ ಪರಿಶೀಲಿಸಿದವರಿಗೆ ಕಂಡದ್ದಿಷ್ಟು: ಆರು ನಿಮಿಷ ದಾಟಿದರೆ ನೋಡುವವನ ಗಮನ ಜಾರುತ್ತದೆ, ತರಗತಿಯ ಉಪನ್ಯಾಸವನ್ನು ಕತ್ತರಿಸಿ ಹಾಕಿದರೆ ಸಾಲದು, ಮಾತನಾಡುತ್ತ ಕೈಯಿಂದ ಗೆರೆ ಎಳೆದು ಬಿಡಿಸಿ ತೋರಿಸುವ ಗುರುವನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ. ಕರಿಹಲಗೆಯ ಮುಂದೆ ನಿಂತ ನಮ್ಮ ಮಾಸ್ತರರು ಇದನ್ನೇ ಅಲ್ಲವೆ ಮಾಡುತ್ತಿದ್ದುದು?

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಕನ್ನಡದ ಪಾಠಗಳು ಬಂದವು. ಅನೇಕ ಶಿಕ್ಷಕರು ಪುಸ್ತಕದ ಅಟ್ಟಿಗೆ ಮೊಬೈಲು ಒರಗಿಸಿ ಪಾಠ ಹೇಳಲು ಕಲಿತರು. 1975ರಲ್ಲಿ ಒಂದು ಪಾಠ ಕಳಿಸಲು ಉಪಗ್ರಹ ಬೇಕಾಗಿತ್ತು. ಈಗ ಅಂಗಿಯ ಕಿಸೆ ಸಾಕು. ಆದರೆ ಪಾಠ ಮಾಡುವ ಮುನ್ನ ನೋಡುವವನ ಊರಿಗೆ ಹೋಗಿ ಬರುವ ಆ ಶ್ರಮ ಮಾತ್ರ ಅಪರೂಪವಾಯಿತು.

ಆದುದರಿಂದ ಪಾಠ ಚಿತ್ರಿಸುವವರು ದೀಪ, ಮೈಕುಗಳಿಗಿಂತ ಮೊದಲು ತಾರಿಹಾಳದ ಆ ತರುಣನನ್ನು ನೆನೆಯಬೇಕು. ಅವನು ದಣಿದಿದ್ದಾನೆ, ಬಸ್ಸು ಬರುವುದರಲ್ಲಿದೆ, ಅವನ ಮಾತು ಕನ್ನಡ. ಅವನೆದುರು ನಿಂತು ಹೇಳಿದಂತೆ ಹೇಳಿದರೆ ಆರು ನಿಮಿಷವೂ ಸಾಕು. ಅವನನ್ನು ಮರೆತರೆ ಆರು ಗಂಟೆಯೂ ಸಾಲದು.